ಔಡಲೆಣ್ಣೆ ಕುಡಿದ ಮೋಟಾರು

ಹೊಲಿಗೆ ಮಿಷನ್ನಿನ ಗಾಲಿ ಬೆಳಿಗ್ಗೆಯಿಂದ ತಿರುಗಲೊಲ್ಲದು. ನಾನು ಮಗಳ ಮನೆಗೆ ಹೋಗಿ ಬರುವುದರೊಳಗೆ ಇದಕ್ಕೇನು ರೋಗ ಬಂತೆಂದು ಬಗ್ಗಿ ಮೂಸಿ ನೋಡಿದೆ. ಔಡಲೆಣ್ಣೆ! ನೆತ್ತಿಗೆ ಹಚ್ಚುವ, ಹೊಟ್ಟೆ ಕಟ್ಟಿದ ಮಕ್ಕಳಿಗೆ ಮೂಗು ಹಿಡಿದು ಕುಡಿಸುವ ಔಡಲೆಣ್ಣೆ. ಅತ್ತೆಯಾದ ನನ್ನ ಮಿಷನ್ನು ತುಕ್ಕು ಹಿಡಿಯಬಾರದೆಂದು ನಮ್ಮ ಸೊಸೆ ಕಂಡಕಂಡ ತೂತಿಗೆಲ್ಲ ಧಾರಾಳವಾಗಿ ಹೊಯ್ದಿದ್ದಾಳೆ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ! ಬೈಯಲೆಂದು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡೆ. ಆ ವಾಸನೆ ನನ್ನನ್ನು ವಿದ್ಯಾನಗರದ ಈ ಮನೆಯಿಂದ ಎಬ್ಬಿಸಿ, ಧಾರವಾಡದ ನಮ್ಮ ಹಳೆಯ ಹಿತ್ತಲಿಗೆ, ಅಲ್ಲಿನ ತಗಡಿನ ಶೆಡ್ಡಿನ ಬಾಗಿಲಿಗೆ ಒಯ್ದು ನಿಲ್ಲಿಸಿತ್ತು. ನೀವೂ ಬನ್ನಿ. ಬಟ್ಟೆ ಮಾತ್ರ ಎತ್ತಿ ಹಿಡಿದುಕೊಳ್ಳಿ, ಧೂಳು ಬಹಳ.

ಅರವತ್ತರ ಆಚೀಚೆ ನಾನು ಸೊಸೆಯಾಗಿ ಆ ಮನೆಗೆ ಬಂದಾಗ ಶೆಡ್ಡಿನಲ್ಲಿ ಒಂದು ವಿಲಾಯತಿ ಮೋಟಾರು ಇಟ್ಟಿಗೆಗಳ ಮೇಲೆ ಕೂತಿತ್ತು. ವಕೀಲರಾಗಿದ್ದ ನಮ್ಮ ಮಾವನವರು ಅದನ್ನು ಯಾರೋ ಜಹಗೀರದಾರರಿಂದ ಕೊಂಡಿದ್ದರಂತೆ. ನಮ್ಮ ಅಡಿಗೆಮನೆಗಿಂತ ಉದ್ದ. ಚರ್ಮದ ಸೀಟು, ಸೀಸಂ ಕಟ್ಟಿಗೆಯ ಕುಸುರಿ, ಹಿಂದಿನ ಸೀಟಿನ ಪಕ್ಕದಲ್ಲಿ ಹೂವಿಡಲು ಒಂದು ಗಾಜಿನ ಕೊಳವೆ. ಮೋಟಾರಿಗೇಕೆ ಹೂವು ಎಂದು ಕೇಳಬೇಡಿ, ದೊಡ್ಡವರ ಸಂಗತಿ. ಎರಡನೆಯ ಜಾಗತಿಕ ಲಡಾಯಿಯ ಕಾಲದಲ್ಲಿ ಪೆಟ್ರೋಲು ಸಿಗದಾಯಿತು. ಮಾವನವರು ಗಾಡಿಯನ್ನು ಇಟ್ಟಿಗೆ ಏರಿಸಿ, ಎಂಜಿನ್ನಿನ ಮೇಲಿನ ಒಂದು ಮುಚ್ಚಳ ತೋರಿಸಿ ನಮ್ಮತ್ತೆಗೆ ಹೇಳಿದರಂತೆ: "ಇದರಾಗ ಎಣ್ಣಿ ಬತ್ತಗೊಡಬ್ಯಾಡ. ಲಡಾಯಿ ಮುಗೀಲಿ, ನಿನ್ನ ಕೂಡಿಸ್ಕೊಂಡು ಬನ್ನಿ ತರಾಕ ಹೋಗೂಣು."

ದಸಮಿಯ ದಿನ ಊರ ಸೀಮೆ ದಾಟಿ ಬನ್ನಿ ಮುಡಿದುಕೊಂಡು ಬರುವುದು, ಅದನ್ನೇ ಬಂಗಾರವೆಂದು ಹಂಚಿ ಹಿರಿಯರಿಗೆ ನಮಸ್ಕರಿಸುವುದು ನಮ್ಮ ಕಡೆಯ ಪದ್ಧತಿ. ಆದರೆ ಲಡಾಯಿ ಮುಗಿಯುವ ಮೊದಲೇ ಮಾವನವರು ಮುಗಿದರು. ಅತ್ತೆಯ ಪಾಲಿಗೆ ಉಳಿದದ್ದು ಆ ಮುಚ್ಚಳ ಮತ್ತು ಆ ಮಾತು.

ಯಾವ ಎಣ್ಣೆ ಎಂದು ಮಾವನವರು ಹೇಳಿರಲಿಲ್ಲ. ನಮ್ಮತ್ತೆಯ ರಾಜ್ಯದಲ್ಲಿ ತಲೆನೋವಿಗೂ ಬಾಗಿಲ ಕಿರುಗುಟ್ಟುವಿಕೆಗೂ ಒಂದೇ ಎಣ್ಣೆ, ತಾವೇ ಔಡಲ ಬೀಜ ಕುಟ್ಟಿ ಕಾಯಿಸಿದ್ದು. ವರ್ಷವರ್ಷವೂ ದಸಮಿಯ ಹಿಂದಿನ ದಿನ, ಆಯುಧಗಳಿಗೆ ಖಂಡೇಪೂಜೆ ಮಾಡುವಾಗ, ಶೆಡ್ಡಿನ ಬೀಗ ತೆಗೆದು, ಗಾಡಿಗೆ ಅರಿಷಿಣ ಕುಂಕುಮವನ್ನು ಮುತ್ತೈದೆಯರ ಕೈಯಿಂದ ಹಚ್ಚಿಸಿ, ಆ ಮುಚ್ಚಳ ತೆಗೆದು ಒಂದು ಗಿಂಡಿ ಎಣ್ಣೆಯನ್ನು ತಾವೇ ಹಾಕುತ್ತಿದ್ದರು. ನಾನು ಬಂದ ವರ್ಷ ಕುಂಕುಮ ಹಚ್ಚುವ ಸರದಿ ನನಗೆ ಬಂತು. "ಕುಂಕುಮ ನಾ ಮುಟ್ಟೂಹಂಗಿಲ್ಲ," ಎಂದರು ಅತ್ತೆ, ಗಿಂಡಿ ಬಗ್ಗಿಸುತ್ತ. "ಎಣ್ಣಿಗೆ ಯಾರದೂ ಅಡ್ಡಿ ಇಲ್ಲವ್ವಾ."

ನಾನು ಬಸುರಿಯಾದಾಗ ನಮ್ಮ ಮನೆಯವರು ಶೆಡ್ಡು ಕೆಡವಿ ಕೋಣೆ ಕಟ್ಟಿಸುವ ಹಟ ಹಿಡಿದರು. ಗಾಡಿಯನ್ನು ಹುಬ್ಬಳ್ಳಿಯ ಗುಜರಿಯವನಿಗೆ ಕೊಡುವುದೆಂದು ಗೊತ್ತಾಯಿತು. ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಊಟಕ್ಕೆ ಬಡಿಸುತ್ತ ಮಗನಿಗೆ ಅಂದರು: "ಒಮ್ಮೆ ಅದನ್ನ ಚಾಲೂ ಮಾಡಸು. ಈ ದಸಮಿಗೆ ನಾ ಅದರಾಗ ಕೂತು ಬನ್ನಿಗಿಡದ ತನಕ ಹೋಗಿ ಬರ್ತೇನಿ. ಆಮ್ಯಾಲೆ ಗುಜರಿಗೆರ ಹಾಕು, ಕೆರಿಗೆರ ನೂಕು."

"ಅವ್ವಾ, ಅದು ಸತ್ತು ಯಾವ ಕಾಲ ಆತು!"

"ಸಾಯಾಕ ನಾ ಬಿಟ್ಟಿಲ್ಲ," ಎಂದರು ಅತ್ತೆ.

ಹೀಗೆ ನಮ್ಮ ಮನೆಗೆ ಹುಬ್ಬಳ್ಳಿಯಿಂದ ರಾಜೇಸಾಬ ಮೇಸ್ತ್ರಿ ಬಂದ. ಬಾಯಿ ಎಂದರೆ ಬಾಯಿ! ಅವನು ಕೈ ಹಚ್ಚದ ಸಂಸ್ಥಾನದ ಮೋಟಾರು ಈ ಭೂಮಿಯ ಮೇಲೆ ಇರಲಿಲ್ಲ, ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳೆಂದು ಅವನಿಗೂ ಗೊತ್ತಿತ್ತು. ಗಾಡಿಯ ಅಡಿಗೆ ಮಲಗಿ ಎಂಜಿನ್ನಿನ ತಳದ ತಟ್ಟೆ ಬಿಚ್ಚಿ, ಒಳಗೆ ಬೆರಳಾಡಿಸಿದ. ಹೊರಗೆ ಬಂದು ಬೆರಳು ತೋರಿಸಿದ. ಕಂದು ಬಣ್ಣದ ಗಟ್ಟಿ ಅಂಟು, ಎಳೆದಷ್ಟೂ ಎಳೆ ಬರುತ್ತಿತ್ತು.

"ಇದು ಎಂಜಿನ್ ಅಲ್ರಿ ಸಾಹೇಬ್ರ. ಅಂಟಿನುಂಡಿ ಕಟ್ಟಿ ಬಾಣಂತಿಗೆ ಕೊಡೂಹಂಗ ಆಗೇತಿ. ಯಾವ ಪುಣ್ಯಾತ್ಮ ಇದರಾಗ ಔಡಲೆಣ್ಣಿ ಹೊಯ್ದಾನ?"

ನಮ್ಮ ಮನೆಯವರ ಮುಖ ಕೆಂಪಾಯಿತು. "ಅವ್ವಾ!" ಎಂದು ಕೂಗಲು ಹೊರಟವರ ರಟ್ಟೆಯನ್ನು ರಾಜೇಸಾಬ ಗಪ್ಪನೆ ಹಿಡಿದ. ಅವನಿಗೆ ಆಗಷ್ಟೇ ತಿಳಿದಿರಬೇಕು. "ಅವ್ವಾರು ಹಾಕಿದ್ದೇನ್ರಿ? ಹಂಗಾರ ನೀವು ಸುಮ್ನಿರ್ರಿ. ಗಾಡಿ ನಾ ನೋಡ್ಕೋತೇನಿ."

ಅಷ್ಟರಲ್ಲಿ ಅತ್ತೆಯೇ ಚಹಾ ಹಿಡಿದುಕೊಂಡು ಬಂದರು. "ಏನಾತೋ ರಾಜೇಸಾಬ? ನನ್ನ ಎಣ್ಣಿ ಏನರ ಕೆಡಿಸೇತೇನು?"

"ಏನ್ ಮಾತ್ರಿ ಅವ್ವಾರ! ನೀವು ಎಣ್ಣಿ ಹಾಕಿದ್ದಕ್ಕ ಉಳದೇತಿ. ಇಲ್ಲಂದ್ರ ತುಕ್ಕ ತಿಂದು ಮಣ್ಣಾಗಿ ಹೋಗ್ತಿತ್ತು. ರಾಜಾನ ಮೋಟಾರಿಗೂ ಇಂಥಾ ಸೇವಾ ಆಗಿದ್ದಿಲ್ರಿ!"

ಅತ್ತೆಯ ಮುಖ ಅರಳಿತು. ಸಂಜೆಯೊಳಗೆ ಓಣಿಯ ಮನೆಮನೆಗೂ ಅವರೇ ಈ ಸುದ್ದಿ ಮುಟ್ಟಿಸಿದರು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ಓಕರಿಕೆ ಬರುತ್ತದೆ. ಎಂಜಿನ್ನಿನ ಕರುಳು ಕಾಳಿಜವೆಲ್ಲ ಸೀಮೆಎಣ್ಣೆಯಲ್ಲಿ ನೆನೆಯುತ್ತ ನಾವು ಹಿಟ್ಟು ನಾದುವ ಪರಾತಗಳಲ್ಲಿ, ನನ್ನ ತವರಿನ ಕೊಳಗದಲ್ಲಿ ಬಿದ್ದಿದ್ದವು. ಸಾರಿಗೂ ಅದೇ ವಾಸನೆ. ಹಿಂದಿನ ಸೀಟಿನೊಳಗೆ ಇಲಿಗಳ ಸಂಸಾರ, ಹುಣಿಸೆಬೀಜದ ದಾಸ್ತಾನು. ರಾಜೇಸಾಬ ತೊಳೆದ, ತಿಕ್ಕಿದ, ಬೈದ, ಮತ್ತೆ ತೊಳೆದ. ಅತ್ತೆ ಮಾತ್ರ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, ಮಾವನವರು ಗಾಡಿ ಹೊಡೆಯುತ್ತಿದ್ದ ವೈಖರಿಯನ್ನು ಅವನಿಗೆ ವರ್ಣಿಸುತ್ತಿದ್ದರು.

ಖಂಡೇಪೂಜೆಯ ದಿನ ನಮ್ಮ ಮನೆಯವರು ಬನಿಯನ್ನಿನಲ್ಲಿ ನಿಂತು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿದರು. ಗಾಡಿ ಕೆಮ್ಮಿತು, ಸೀನಿತು, ಸುಮ್ಮನಾಯಿತು. ಇನ್ನು ಮುಗಿಯಿತು ಅನ್ನುವಾಗ ಒಮ್ಮೆಲೇ ಗುಡುಗಿ, ಓಣಿ ತುಂಬ ಬಿಳಿ ಹೊಗೆ ಬಿಟ್ಟಿತು. ಔಡಲೆಣ್ಣೆಯ ಹೊಗೆ! ನೆರೆಯವರೆಲ್ಲ ಮೂಗು ಮುಚ್ಚಿಕೊಂಡು ಚಪ್ಪಾಳೆ ತಟ್ಟಲು ಪರದಾಡಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೊಳೋ ಎಂದು ಅತ್ತರು. ನಾನೂ ಕಣ್ಣೀರಿಟ್ಟೆ, ಮುಚ್ಚುಮರೆ ಏಕೆ?

ಮರುದಿನ, ದಸಮಿಗೆ, ಹತ್ತಿರದ ಮುಗದ ಹಳ್ಳಿಯ ದಾರಿ ಹಿಡಿದೆವು. ಹೂವಿನ ಕೊಳವೆಯಲ್ಲಿ ಸೇವಂತಿಗೆ ಇಟ್ಟಿದ್ದೆ. ಮುಂದೆ ನಮ್ಮ ಮನೆಯವರು ಮತ್ತು ರಾಜೇಸಾಬ, ಹಿಂದೆ ನಾನು ಮತ್ತು ಅತ್ತೆ. ಅಷ್ಟು ಅಗಲದ ಸೀಟಿನಲ್ಲಿ ಅತ್ತೆ ನನ್ನನ್ನು ಒತ್ತಿಕೊಂಡೇ ಕೂತರು, ಆಚೆ ಬದಿಗೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟು. ಯಾರಿಗೆಂದು ನಾನು ಕೇಳಲಿಲ್ಲ. ಬನ್ನಿಗಿಡದ ಹತ್ತಿರ ಇಳಿದು, ಸುತ್ತು ಹಾಕಿ, ಬನ್ನಿ ತೆಗೆದುಕೊಂಡು ಬಂದು, ಮೊದಲ ಎಸಳನ್ನು ಆ ಖಾಲಿ ಜಾಗದಲ್ಲಿ ಇಟ್ಟರು.

ಬರುವಾಗ ಗಾಡಿ ದಾರಿಯಲ್ಲಿ ನಿಂತೇಬಿಟ್ಟಿತು. ರಾಜೇಸಾಬನ ಬಾಯಿಗೂ ಕೈಗೂ ಬಗ್ಗಲಿಲ್ಲ. ಕೊನೆಗೆ ಮುಗದದ ರೈತರೊಬ್ಬರು ತಮ್ಮ ಜೋಡೆತ್ತು ಕಟ್ಟಿ ಎಳೆಸಿದರು. ಸ್ಟೇರಿಂಗ್ ಹಿಡಿದ ನಮ್ಮ ಮನೆಯವರು ನಾಚಿಕೆಯಿಂದ ಕುಗ್ಗಿಹೋಗಿದ್ದರು. ರಾಜೇಸಾಬ ಇಳಿದು ಎತ್ತುಗಳ ಜೊತೆ ನಡೆಯುತ್ತಿದ್ದ. ಅತ್ತೆ ಮಾತ್ರ ಮಡಿಲಲ್ಲಿ ಬನ್ನಿ ಇಟ್ಟುಕೊಂಡು, ದಾರಿಯಲ್ಲಿ ಕಂಡವರ ನಮಸ್ಕಾರ ಸ್ವೀಕರಿಸುತ್ತ, ಮಹಾರಾಣಿಯ ಹಾಗೆ ಕೂತಿದ್ದರು. ಹಾಗೆಯೇ ಮೆಲ್ಲಗೆ ನನ್ನ ಕಿವಿಯಲ್ಲಿ ಅಂದರು:

"ರಾಜೇಸಾಬ ಸುಳ್ಳ ಹೇಳ್ಯಾನ. ಗಾಡಿ ಕೆಟ್ಟಿದ್ದು ನನ್ನ ಎಣ್ಣಿಯಿಂದನ."

ನಾನು ಬೆಚ್ಚಿದೆ. "ನಿಮಗ ಹೆಂಗ ಗೊತ್ತಾತ್ರೀ?"

"ಪರಾತದಾಗ ತೊಳದ ಅಂಟು ನೋಡಲಿಲ್ಲೇನು ನಾ? ಕೈಯಾರೆ ಕಾಸಿದ ಎಣ್ಣಿ, ವಾಸನಿ ತಿಳಿಯೂದಿಲ್ಲೇನವಾ?"

"ಮತ್ತ ಓಣಿ ತುಂಬ ಹೇಳ್ಕೊಂಡು ಬಂದ್ರೆಲ್ರಿ!"

"ನನ್ನ ಮನಸ್ಸು ನೋಯಬಾರದಂತ ಪಾಪ ಅಷ್ಟು ಛಲೋ ಸುಳ್ಳ ಹೇಳ್ಯಾನ. ನಾ ನಂಬಲಿಲ್ಲಾಂದ್ರ ಅಂವಗ ಎಷ್ಟ ಕೆಟ್ಟ ಅನಸ್ತೈತಿ!"

ಗುಜರಿಯವನು ಬಂದಾಗ ಅತ್ತೆಯೇ ಬಾಗಿಲಲ್ಲಿ ನಿಂತು ಗಾಡಿಯನ್ನು ಕಳಿಸಿಕೊಟ್ಟರು. ಶೆಡ್ಡಿದ್ದ ಜಾಗದಲ್ಲಿ ಎದ್ದ ಕೋಣೆಯಲ್ಲೇ ನನ್ನ ಮಗ ಹುಟ್ಟಿದ. ಅವನ ಹೆಂಡತಿಯೇ ಈ ಮಿಷನ್ನಿಗೆ ಎಣ್ಣೆ ಕುಡಿಸಿದವಳು.

ಸಂಜೆ ಕಾಲೇಜಿನಿಂದ ಬಂದವಳು ನನ್ನ ಕೈಯಲ್ಲಿ ಚಿಂದಿ, ಸ್ಕ್ರೂಡ್ರೈವರು ನೋಡಿ ಬಾಗಿಲಲ್ಲೇ ನಿಂತಳು. "ಅತ್ತಿ, ನಾ ಹಾಕಿದ ಎಣ್ಣಿಯಿಂದ ಕೆಟ್ಟತೇನ್ರಿ?"

"ಛೇ ಛೇ! ನೀ ಎಣ್ಣಿ ಹಾಕಿದ್ದಕ್ಕ ಉಳದೇತಿ," ಎಂದೆ. "ಇಲ್ಲಂದ್ರ ತುಕ್ಕ ಹಿಡಿದು ಹೋಗ್ತಿತ್ತು."

ನನ್ನ ಅಂಟುಬೆರಳುಗಳನ್ನೇ ಒಂದು ಕ್ಷಣ ನೋಡಿದಳು. "ಹೌದೇನ್ರಿ? ಪುಣ್ಯಾ ಆತು ಬಿಡ್ರಿ," ಎಂದು ನಕ್ಕು, ಕೇಳದೆಯೇ ಕೈ ತೊಳೆಯಲು ಬಿಸಿನೀರು, ಸಾಬೂನು ತಂದಿಟ್ಟಳು. ನಂಬಿದಳೋ, ನನಗಾಗಿ ನಂಬಿದಳೋ, ನಾನು ಕೇಳಲಿಲ್ಲ.