ಹಸಿರು ಫ್ಯೂಸು

ಮೊನ್ನೆ ನಮ್ಮ ಸ್ಟಾಫ್ ರೂಮಿನಲ್ಲಿ ಕೆಟಲ್ ಪ್ಲಗ್ಗು ಕರಗಿತು. ಸುಟ್ಟ ವೈರಿನ ವಾಸನೆಗೆ ಉಳಿದವರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು. ನಾನು ಮಾತ್ರ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವಾಸನೆ ಬಂದರೆ ಸಾಕು, ವೈರಿಂಗ್ ಅಣ್ಣ ಮುಷ್ಟಿ ಬಿಗಿದು ನಿಂತದ್ದು ಕಣ್ಣಮುಂದೆ ಬರುತ್ತದೆ...

ನೊಣವಿನಕೆರೆ ದಾಟಿ ತುರುವೇಕೆರೆ ಕಡೆ ಹೊರಟರೆ ಅವರ ತಗಡಿನ ಶೆಡ್ಡು. ಕಾರು, ಟ್ರ್ಯಾಕ್ಟರುಗಳ ಕರೆಂಟಿನ ಕೆಲಸ. ಅರವತ್ತರ ಹತ್ತಿರದ ಮನುಷ್ಯ, ಸುತ್ತಲ ಊರಿಗೆಲ್ಲ ವೈರಿಂಗ್ ಅಣ್ಣ. ನಾನು ಮದುವೆಯಾಗಿ ಬಂದ ಹೊಸದು. ತುರುವೇಕೆರೆಯ ಶಾಲೆಗೆ ಮನೆಯ ಕಾರು ಓಡಿಸಿಕೊಂಡು ಹೋಗುವುದು ನಮ್ಮ ಮಾವನವರಿಗೆ ಸುತರಾಂ ಇಷ್ಟವಿರಲಿಲ್ಲ. "ಓಡಿಸ್ಲಿ. ಏನಾದ್ರೂ ಎಡವಟ್ಟಾಯ್ತೋ, ಅವತ್ತೇ ಕೀ ನನ್ನ ಕೈಗೆ ಬರ್ಬೇಕು" ಎಂದು ವೈರಿಂಗ್ ಅಣ್ಣನ ಎದುರಿಗೇ ಹೇಳಿದ್ದರು. ಬಸ್ಸು ನಂಬಿದರೆ ಮೊದಲ ಪೀರಿಯಡ್ಡು ಸಿಗುತ್ತಿರಲಿಲ್ಲ. ಕೀ ಹೋದರೆ ಕೆಲಸವೂ ಹೋದ ಹಾಗೆಯೇ.

ಕಾರು ನಿಲ್ಲುತ್ತಿದ್ದದ್ದು ಅಟ್ಟದ ಕೆಳಗೆ. ಮೇಲೆ ಕೊಬ್ಬರಿಯಾಗಲೆಂದು ವರ್ಷ ಪೂರ್ತಿ ಒಣಗುವ ಕಾಯಿ. ಕಾಯಿಗೆ ಬಂದ ಇಲಿಗಳು ಇಳಿದು ಬಂದು ಕಾರಿನ ವೈರನ್ನೂ ಕಡಿಯುತ್ತಿದ್ದವು. ಆ ಸಲ ಪೆಟ್ರೋಲ್ ಪಂಪಿನ ಫ್ಯೂಸು ಪದೇ ಪದೇ ಹೋಗಿ ಗಾಡಿ ದಾರಿಯಲ್ಲೇ ನಿಲ್ಲತೊಡಗಿತು.

ವೈರಿಂಗ್ ಅಣ್ಣ ಫ್ಯೂಸು ಕಿತ್ತು ಆ ಜಾಗಕ್ಕೆ ಒಂದು ಬಲ್ಬು ಸಿಕ್ಕಿಸಿದರು. ಎಲ್ಲೋ ವೈರು ಗಾಡಿಯ ತಗಡಿಗೆ ತಾಗುತ್ತಿದ್ದರೆ ಬಲ್ಬು ಜೋರಾಗಿ ಉರಿಯುತ್ತದೆ. ವೈರಿನ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹೋದಾಗ ಎಲ್ಲಿ ಮಂಕಾಗುತ್ತದೋ, ತೊಂದರೆ ಅಲ್ಲಿ. ಒಂದು ಕಡೆ ಸಿಕ್ಕಿತು, ಟೇಪು ಸುತ್ತಿದರು. ಆಮೇಲೆ ಯಾರೂ ಮುಟ್ಟದೆ ಬಲ್ಬು ಒಮ್ಮೆ ಜಗ್ಗನೆ ಉರಿದು ಮತ್ತೆ ಮಂಕಾಯಿತು. ಅವರು ಬಹಳ ಹೊತ್ತು ಅದನ್ನೇ ನೋಡಿದರು.

"ಇನ್ನೊಂದೈತೆ ಕಣವ್ವಾ, ಅವಿತ್ಕೊಂಡೈತೆ. ಮೂರು ದಿನ ಬುಟ್ಟೋಗಿ. ತಕಂಡೋದ್ರೂ ಅಟ್ಟದ ಕೆಳ್ಗೆ ಮಾತ್ರ ನಿಲ್ಲಿಸ್ಬ್ಯಾಡಿ."

"ಮತ್ತೆ ಫ್ಯೂಸು ಹೋದ್ರೆ ಏನಣ್ಣ ಮಾಡ್ಲಿ?"

"ಹೋಗ್ಲಿ ಬುಡಿ. ಫ್ಯೂಸು ಹೋಗೋದು ಒಳ್ಳೇದು. ಅದು ಹೋಗ್ದೆ ಇದ್ರೆ ಹೆದ್ರಬೇಕು."

ಪರೀಕ್ಷೆಯ ಕಾಲ, ಮೂರು ದಿನ ಎಲ್ಲಿಂದ ತರಲಿ? ಕಾರು ತಂದೆ. ಹೊರಗೆ ನಿಲ್ಲಿಸಿದರೆ ಮಾವ ಯಾಕೆಂದು ಕೇಳುತ್ತಾರೆ, ಅಟ್ಟದ ಕೆಳಗೇ ನಿಲ್ಲಿಸಿದೆ. ಎರಡನೇ ದಿನ ಬೆಳಿಗ್ಗೆ ಫ್ಯೂಸು ಹೋಯಿತು. ಹದಿನೈದು ಆಂಪಿಯರಿನ ನೀಲಿ ಫ್ಯೂಸುಗಳು ಮುಗಿದಿದ್ದವು. ಫ್ಯೂಸಿನ ಡಬ್ಬಿಯ ಮುಚ್ಚಳದಲ್ಲಿ, ಎರಡರಷ್ಟು ಕರೆಂಟು ಹರಿದರೂ ಹೋಗದ ಮೂವತ್ತರ ಹಸಿರು ಒಂದಿತ್ತು. ಸಿಕ್ಕಿಸಿದೆ. ಗಾಡಿ ಸ್ಟಾರ್ಟಾಯಿತು. ಆಮೇಲೆ ನಾಲ್ಕು ದಿನ ಫ್ಯೂಸು ಹೋಗಲೇ ಇಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ, ಬೆಂಕಿ ಬೀಳಲಿ ಆ ಜಾಣತನಕ್ಕೆ.

ಬೆಂಕಿಯೇ ಬಿತ್ತು. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದು ಮಾವನಿಗೆ ಮುದ್ದೆ ಬಡಿಸುತ್ತಿದ್ದೆ. ವಾಸನೆ ಬಂತು. ಕಾರಿನ ಹಿಂದಿನ ಸೀಟಿನ ಕೆಳಗೆ, ಪಂಪಿನ ವೈರು ಹೋಗುವಲ್ಲಿ, ಹೊಗೆಯಾಡುತ್ತಿದ್ದದ್ದು ನೋಡುನೋಡುತ್ತ ಉರಿಯಾಗಿ ಅಟ್ಟಕ್ಕೆ ಹತ್ತಿತು. ಬೋರ್‌ವೆಲ್ ಪೈಪು ಎಳೆದು ಊರವರು ಆರಿಸುವಷ್ಟರಲ್ಲಿ ಅರ್ಧ ಅಟ್ಟ ಕುಸಿದಿತ್ತು. ಜನಕ್ಕೆ ಏನೂ ಆಗಲಿಲ್ಲ, ಅದೊಂದು ಪುಣ್ಯ.

ಮಾವ ವೈರಿಂಗ್ ಅಣ್ಣನನ್ನು ಕರೆಸಿದರು. ಅಣ್ಣ ಹಿಂಭಾಗ ಸುಟ್ಟ ಕಾರಿನ ಮುಂದೆ ಬಗ್ಗಿ ಫ್ಯೂಸಿನ ಡಬ್ಬಿ ತೆಗೆದರು. ಹಸಿರು ಫ್ಯೂಸು ಕಿತ್ತರು, ನೋಡಿದರು. ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಮುಷ್ಟಿ ಮುಚ್ಚಿದರು.

"ಏನ್ ಕಡಿದು ಕಟ್ಟೆ ಹಾಕ್ದೆಯಯ್ಯ ನೀನು?" ಎಂದು ಮಾವ ಗುಡುಗಿದರು.

"ನನ್ನ ಕೈಯಿಂದ್ಲೇ ತಪ್ಪಾಗೈತೆ ಯಜಮಾನ್ರೇ. ಒಂದು ಕಡೆ ಟೇಪು ಸರಿಯಾಗಿ ಸುತ್ನಿಲ್ಲ. ಮೇಡಮ್ಮಂದೇನೂ ಇಲ್ಲ."

ನಾನು ಬಾಯಿ ಬಿಡಲಿಲ್ಲ. ಸೆರಗು ಹಿಡಿದುಕೊಂಡು ನಿಂತೇ ಇದ್ದೆ.

ಮಾವ ತಿಪಟೂರಿನ ಮಂಡಿಯವರೆಗೂ ಸುದ್ದಿ ಹಬ್ಬಿಸಿದರು. ಗಾಡಿಗಳು ಆ ಶೆಡ್ಡಿನ ಮುಂದೆ ನಿಲ್ಲದೆ ಹೋಗತೊಡಗಿದವು. ಸುಟ್ಟ ಕಾರಿನ ಜಾಗಕ್ಕೆ ಇನ್ನೊಂದು ಬಂತು, ಕೀ ನನ್ನ ಹತ್ತಿರವೇ ಉಳಿಯಿತು. ದಿನವೂ ಹಾದುಹೋಗುವಾಗ ಅವರು ಖಾಲಿ ಶೆಡ್ಡಿನಲ್ಲಿ ಕೂತು ಕೈ ಎತ್ತುತ್ತಿದ್ದರು. ನಾನು ರಸ್ತೆ ನೋಡುತ್ತಿದ್ದೆ. ನಾಳೆ ನಿಲ್ಲಿಸಿ ಮಾತಾಡೋಣ, ನಾಳೆ ನಿಲ್ಲಿಸೋಣ... ಒಂದು ದಿನ ಶೆಡ್ಡಿಗೆ ಬೀಗ ಬಿದ್ದಿತ್ತು, ಕೈ ಎತ್ತುವವರು ಇರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರೆಂದು ಕೇಳಿ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನಗೆ ಕಾಫಿ ಕೊಟ್ಟು ಎದುರಿಗೆ ಕೂತರು. "ನಿಮ್ ಕಾರು ಸುಟ್ಟೋದ್ಮೇಲೆ ಅವ್ರ ಕೆಲ್ಸಾನೇ ಹೋಯ್ತು ಕಣವ್ವಾ. ಅಷ್ಟು ನಾಜೂಕಿನ ಕೈ, ಅವತ್ತು ಯಾಕಂಗ್ ಮಾಡುದ್ರೋ. ನಮ್ಮಿಂದ ನಿಮ್ಗೆ ತೊಂದ್ರೆಯಾಯ್ತು" ಎಂದರು. ಹೆಂಡತಿಗೂ ಹೇಳಿರಲಿಲ್ಲ ಆ ಮನುಷ್ಯ. ಆಗಲಾದರೂ ನಾನು ಹೇಳಬೇಕಿತ್ತು. ಕಾಫಿ ಕುಡಿದು ಲೋಟ ಇಟ್ಟು ಬಂದೆ.

ಈಗ ಬರೆದಿದ್ದೇನೆ. ಇದನ್ನು ಮೊದಲು ತಲುಪಿಸಬೇಕಾದದ್ದು ಆ ಅಮ್ಮನಿಗೆ. ಅವರಿಗೆ ಓದಲು ಬರುವುದಿಲ್ಲ. ಎದುರಿಗೆ ಕೂತು ನಾನೇ ಓದಿ ಹೇಳಬೇಕು.