ತನುಶ್ರೀಯ ಸರದಿ ಪಟ್ಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಹದಿನೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳಿಗೆ ಬಾರದೆ ಇನ್ನೇನು. ಆದರೆ ಮೇಲೂರಿನ ಚಾಕಿ ಕೇಂದ್ರದಲ್ಲಿ ಆ ಬುಧವಾರ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ತನುಶ್ರೀ ನಮ್ಮೂರಿನ ಚೆನ್ನರಾಯಪ್ಪನ ಮಗಳು. ಚಿಂತಾಮಣಿಯಲ್ಲಿ ಬಿ.ಎಸ್ಸಿ. ಓದುವಾಗ ಮೂರು ವರ್ಷ ನನ್ನ ಬಸ್ಸಿನಲ್ಲೇ ಓಡಾಡಿದಳು. ಸೀಟು ಸಿಕ್ಕರೂ ಕೂರದೆ ನನ್ನ ಪಕ್ಕ ನಿಂತು, ಟಿಕೆಟ್ ಮೆಷಿನ್ನಿನಲ್ಲಿ ಇರುವುದೆಲ್ಲ ಡಿಪೋಗೆ ಹೇಗೆ ಹೋಗುತ್ತದೆ ಎಂದು ತಲೆ ತಿನ್ನುತ್ತಿದ್ದಳು. ಓದು ಮುಗಿದ ಮೇಲೆ ನರಸಿಂಹಪ್ಪನವರ ಚಾಕಿ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು.

ಅಲ್ಲಿ ರೇಷ್ಮೆ ಹುಳುವನ್ನು ಮೊಟ್ಟೆಯೊಡೆದ ದಿನದಿಂದ ಎರಡನೇ ಜ್ವರದವರೆಗೆ ಸಾಕಿ, ಡ್ಯೂಟಿಯ ಜೊತೆಗೆ ಮನೆಯಲ್ಲಿ ಹುಳು ಮೇಯಿಸುವ ನನ್ನಂಥ ಬೆಳೆಗಾರರಿಗೆ ಕೊಡುತ್ತಾರೆ. ಜ್ವರವೆಂದರೆ ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು. ಜ್ವರದಿಂದೆದ್ದ ಹುಳುವನ್ನು ಬೆಳಗಿನ ತಂಪಿನಲ್ಲೇ ಮನೆಗೆ ಒಯ್ಯಬೇಕು. ಮೊದಲು ಹೋದವರಿಗೆ ಒಂದೇ ಸಮನಾದ ಹುಳು, ಕಡೆಗೆ ಹೋದವರಿಗೆ ಚಿಕ್ಕದು ದೊಡ್ಡದು ಬೆರೆಸಿ ಬಳಿದು ಹಾಕಿದ್ದು.

ಯಾರು ಮೊದಲು ಎಂಬುದು ಮುಂಚೆ ಮ್ಯಾನೇಜರ್ ಮೋಹನ್‌ಬಾಬುವಿನ ನೋಟ್‌ಬುಕ್ಕಿನಲ್ಲಿತ್ತು. ತನಗೆ ಬೇಕಾದವರಿಗೆ ಫೋನು ಮೊದಲು. ಸಾದಲಿಯ ಮುನಿಶಾಮಮ್ಮನಿಗೆ ಯಾವಾಗಲೂ ಕಡೆಯಲ್ಲಿ. ಹೋದ ವರ್ಷ ಆಕೆಯ ಮನೆಯಲ್ಲಿ ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟುವಾಗ ಇನ್ನರ್ಧ ಇನ್ನೂ ಸೊಪ್ಪು ತಿನ್ನುತ್ತಿದ್ದವು. ಇಡೀ ಬೆಳೆ ಕೆಟ್ಟಿತು. ಅದನ್ನು ಕಂಡ ಮೇಲೆ ತನುಶ್ರೀ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಕಂಪ್ಯೂಟರ್ ಪ್ರೋಗ್ರಾಮ್, ಬರೆದಳು. ಬುಕ್ ಮಾಡಿದ ದಿನದ ಪ್ರಕಾರ ಸರದಿ ಹಾಕಿ, ಮೆಸೇಜ್ ಕಳಿಸುವ ಒಂದು ವೆಬ್ ಸೇವೆಗೆ ಅದು ಪಟ್ಟಿ ಒಪ್ಪಿಸುತ್ತಿತ್ತು. ಎಲ್ಲರ ಫೋನಿಗೂ ಒಟ್ಟಿಗೇ ಸುದ್ದಿ. ನಾಲ್ಕು ಬೆಳೆ ಹಾಗೆ ನಡೆಯಿತು.

ಆ ಸೋಮವಾರದಿಂದ ಸೇವೆಯವರ ಕಡೆಯಿಂದ ಒಂದೇ ಉತ್ತರ: ಅನುಮತಿ ಇಲ್ಲ, ಕೋರಿಕೆಯ ಸಮಯ ಸರಿಯಿಲ್ಲ. ತನುಶ್ರೀ ಸಮಯ ನೋಡಿದಳು, ಸರಿಯಾಗಿಯೇ ಇತ್ತು. ಪಾಸ್‌ವರ್ಡ್ ಬದಲಿಸಿದಳು, ಸೇವೆಯವರಿಂದ ಹೊಸ ಗುಪ್ತ ಕೀ ತರಿಸಿದಳು, ಕೇಂದ್ರದ ಇಂಟರ್‌ನೆಟ್ ಬಿಟ್ಟು ತನ್ನ ಫೋನಿನದನ್ನು ಹಾಕಿದಳು, ಸ್ಕ್ರಿಪ್ಟನ್ನು ಸಾಲು ಸಾಲಾಗಿ ಓದಿದಳು. ಸೇವೆಯವರಿಗೆ ಬರೆದರೆ ನಮ್ಮ ಕಡೆ ಎಲ್ಲ ಸರಿಯಿದೆ ಎಂದು ಕೈತೊಳೆದುಕೊಂಡರು. ಸೊಪ್ಪು ಹಾಕುವ ಹೆಂಗಸರಿಂದ ಹಿಡಿದು ಡ್ರೈವರ್‌ವರೆಗೆ ಎಲ್ಲರೂ ಅವಳಿಗೆ ಒಂದೊಂದು ಮಾತು ಚುಚ್ಚಿದರು. ಗುರುವಾರ ಬೆಳಿಗ್ಗೆ ಹುಳು ಹಂಚಬೇಕಿತ್ತು.

ಬುಧವಾರ ನಾನು ಹೋದಾಗ ನರಸಿಂಹಪ್ಪನವರು ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು.

"ಹನ್ನೆರಡು ಗಂಟೆವರ್ಗೂ ನೋಡ್ತೀನಿ ಕಣಮ್ಮ. ಆಮೇಲೆ ಮೋಹನನ ನೋಟ್‌ಬುಕ್ಕೇ. ನಿನ್ನ ಆಟ ಇಲ್ಲಿಗೆ ಸಾಕು."

ತನುಶ್ರೀ ಟೈಪ್ ಮಾಡುತ್ತಲೇ ಇದ್ದಳು. ನಾನು ಅವಳ ಪರವಾಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ, ಯಾಕೆಂದರೆ ನಾನು ಹೋಗಿದ್ದೇ ಬೇರೆ ಕೆಲಸಕ್ಕೆ. ನೋಟ್‌ಬುಕ್ಕು ವಾಪಸ್ ಬರುತ್ತದಂತೆ ಎಂದು ಕೇಳಿ, ನನ್ನ ಹೆಸರು ಮೇಲೆ ಬರೆಸಲು ಹೋಗಿದ್ದೆ. ಮೋಹನ್‌ಬಾಬುವಿಗೆ ನನ್ನ ಬಸ್ಸಿನಲ್ಲಿ ದಿನಾ ಸೀಟು ಹಿಡಿದಿಡುವವಳು ನಾನೇ.

"ಲಕ್ಷ್ಮಿದೇವಮ್ಮಂದು ಎರಡನೇದು ಹಾಕಿದೀನಿ, ಆಯ್ತಾ," ಎಂದು ಅವನು ನನ್ನ ಹೆಸರು ಹಿಡಿದು ಗಟ್ಟಿಯಾಗಿಯೇ ಹೇಳಿದ. ತನುಶ್ರೀ ಒಮ್ಮೆ ನನ್ನ ಕಡೆ ನೋಡಿದಳು. ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

"ನನ್ನೇನ್ ನೋಡ್ತೀಯೇ? ನೆಟ್ಟಗೆ ಕೆಲ್ಸ ಮಾಡಿದ್ರೆ ನಾವ್ಯಾಕೆ ಇಲ್ಲಿಗೆ ಬರ್ತಿದ್ವಿ," ಎಂದೆ. ಆಗಲೇ ಕಂಪ್ಯೂಟರಿನ ಮೂಲೆಯಲ್ಲಿದ್ದ ಸಮಯ ಕಣ್ಣಿಗೆ ಬಿತ್ತು. ಹತ್ತೂ ಮೂವತ್ತೈದು. ಹನ್ನೊಂದಕ್ಕೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಡ್ಯೂಟಿ. "ನಿಮ್ಮ ಗಲಾಟೇಲಿ ನನ್ನ ಡ್ಯೂಟಿಗೂ ಲೇಟಾಯ್ತು."

"ಇಲ್ಲಕ್ಕ, ಈಗಿನ್ನೂ ಹತ್ತೂ ಇಪ್ಪತ್ತು. ಇಲ್ಲಿ ಕಾಲು ಗಂಟೆ ಕಳೆದು ನೋಡ್ಬೇಕು," ಎಂದ ತನುಶ್ರೀ ಮತ್ತೆ ಆ ಮೂಲೆಯ ಸಮಯ ನೋಡಿದಳು. ಕೀಬೋರ್ಡಿನ ಮೇಲಿದ್ದ ಕೈ ನಿಂತಿತು.

ಆ ಕೇಂದ್ರದ ಗೋಡೆ ಗಡಿಯಾರಗಳೆಲ್ಲ ಕಾಲು ಗಂಟೆ ಮುಂದೆ. ಹುಳುವಿಗೆ ಸೊಪ್ಪು ಹಾಕುವುದು ತಡವಾಗಬಾರದೆಂದು ಯಜಮಾನರು ಇಟ್ಟ ಪದ್ಧತಿ. ಅಲ್ಲಿ ದುಡಿಯುವವರಿಗೆಲ್ಲ ಗಡಿಯಾರ ನೋಡಿದ ಕೂಡಲೇ ಕಾಲು ಗಂಟೆ ತಾನಾಗಿ ಕಳೆದುಹೋಗುತ್ತದೆ. ತನುಶ್ರೀಯೂ ಮೂರು ದಿನ ಹಾಗೆಯೇ ಕಳೆದು, ಸೇವೆಯವರ ಉತ್ತರದಲ್ಲಿದ್ದ ಸಮಯಕ್ಕೂ ತನ್ನದಕ್ಕೂ ತಾಳೆಯಾಗುತ್ತದೆ ಎಂದುಕೊಂಡಿದ್ದಳು. ಸ್ಕ್ರಿಪ್ಟಿಗೆ ಕಳೆಯಲು ಬರುವುದಿಲ್ಲ. ಅದು ಕಂಪ್ಯೂಟರಿನಲ್ಲಿದ್ದ ಸಮಯವನ್ನೇ ಕೋರಿಕೆಯ ಮೇಲೆ ಒತ್ತಿ ಕಳಿಸುತ್ತಿತ್ತು, ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅವರು ಒಪ್ಪುತ್ತಿರಲಿಲ್ಲ.

"ಸಾರ್, ಹೋದ ವಾರ ಈ ಕಂಪ್ಯೂಟರ್ ಟೈಮು ಸರಿಯಾಗಿತ್ತು," ಎಂದಳು. "ಮುಂದಕ್ಕಿಟ್ಟೋರ್ ಯಾರು?"

ಮೋಹನ್‌ಬಾಬು ಯಜಮಾನರ ಮುಖ ನೋಡಿದ.

"ನಾನೇ ಕಣಮ್ಮ," ಎಂದರು ನರಸಿಂಹಪ್ಪನವರು ಕೊನೆಗೆ. "ಭಾನುವಾರ ನೋಡ್ದೆ, ಗೋಡೆದೊಂದು ಹೇಳ್ತಿತ್ತು, ಇದೊಂದು ಹೇಳ್ತಿತ್ತು. ಒಂದೇ ಮಾಡ್ದೆ. ಅದಕ್ಕೇನೀಗ?"

ಮೂರು ದಿನ ಆ ಹುಡುಗಿಯನ್ನು ನಿಲ್ಲಿಸಿ ಬೈದ ಮನುಷ್ಯ, ಅದಕ್ಕೇನೀಗ ಎಂದರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ತನುಶ್ರೀ ಸಮಯ ಸರಿಮಾಡಿ ಸ್ಕ್ರಿಪ್ಟ್ ಓಡಿಸಿದಳು. ಮ್ಯಾನೇಜರಿಗೂ ಪಟ್ಟಿಯ ಒಂದು ಪ್ರತಿ ಹೋಗುವುದರಿಂದ ಮೋಹನ್‌ಬಾಬುವಿನ ಜೇಬಿನಲ್ಲೇ ಮೊದಲ ಫೋನು ಕೂಗಿತು, ಆಮೇಲೆ ನನ್ನದು. ನನ್ನ ಸರದಿ ಮೂವತ್ತನಾಲ್ಕು.

"ಎರಡ್ನೇದು ಹೋಯ್ತಲ್ಲಕ್ಕ," ಎಂದಳು ತನುಶ್ರೀ. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಬಸ್ಸು ಹತ್ತುವಾಗ ಮುನಿಶಾಮಮ್ಮನ ಫೋನು ಬಂತು. ಆಕೆಗೆ ಓದಲು ಬರುವುದಿಲ್ಲ. ಪಕ್ಕದ ಮನೆಯವರು ಓದಿ ಹೇಳಿದರಂತೆ, ನಂಬಿಕೆ ಬಂದಿಲ್ಲ.

"ಮೂರ್ನೇದು ಅಂತ ಬಂದೈತಂತೆ ಕಣಮ್ಮ. ಮೋಹನಪ್ಪ ನನ್ನ ಮೂರ್ನೇದಕ್ಕೆ ಕರೀತಾನಾ? ಬೇರೆ ಯಾರ್ದೋ ನಂಗೆ ಬಂದಿರ್ಬೇಕು. ಅಲ್ಲಿ ನಿಂಗೆ ಪರಿಚಯ ಐತಲ್ಲ, ಒಂದ್ಸಲ ಕೇಳು."

"ನಿಂದೇ ಕಣಮ್ಮ," ಎಂದೆ. "ಬೆಳಿಗ್ಗೆ ಆರಕ್ಕೇ ಹೋಗು. ನಂಗಲ್ಲಿ ಪರಿಚಯ ಏನಿಲ್ಲ."