ಮೂಸಿದ ಹೂವಿನ ಮೂಲೆ

ಬೆಳಗ್ಗೆ ಐದೂವರೆಗೆ ಎದ್ದು, ಶಾಲು ಹೊದ್ದು, ಹೂಗಳ್ಳರನ್ನು ಹಿಡಿಯಲು ಹೊರಟೆ. ಕೈಯಲ್ಲಿ ಮೊಬೈಲು. ವಿಡಿಯೋ ಮಾಡಿ ಏರಿಯಾ ಗ್ರೂಪಿಗೆ ಹಾಕಿ ಮಾನ ಹರಾಜು ಹಾಕಿಬಿಡುವುದು ಎಂದು ರಾತ್ರಿಯೇ ತೀರ್ಮಾನಿಸಿದ್ದೆ.

ಕಳ್ಳರು ಸಿಕ್ಕರು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ, ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ನಮ್ಮ ಬೀದಿಯ ಜಯಮ್ಮ ಆಂಟಿ!

"ಏನಮ್ಮಾ, ಇಷ್ಟು ಬೇಗ ಎದ್ದಿದೀಯ? ವಾಕಿಂಗಾ? ಒಳ್ಳೇದು, ನಿನಗೆ ಬೇಕಾಗಿತ್ತು" ಎಂದು ನನ್ನ ಸೊಂಟದ ಕಡೆ ಒಮ್ಮೆ ನೋಡಿ, ಉಳಿದಿದ್ದ ಒಂದು ದಾಸವಾಳವನ್ನೂ ಕಿತ್ತು ಕವರಿಗೆ ಹಾಕಿಕೊಂಡರು.

ನಾನು ಮೊಬೈಲನ್ನು ಶಾಲಿನೊಳಗೆ ಸೇರಿಸಿದೆ.

ಹೂವು ಯಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೂಡಲಪಾಳ್ಯದ ನಮ್ಮ ಬೀದಿಯ ತುದಿಯಲ್ಲಿ ಒಂದು ಮೂಲೆಯಿದೆ. ವರ್ಷಗಟ್ಟಲೆ ಅದು ಕಸದ ಮೂಲೆ. ರಾತ್ರಿ ಬೈಕಿನಲ್ಲಿ ಬರುತ್ತಾರೆ, ಕವರ್ ಎಸೆಯುತ್ತಾರೆ, ಮಾಯವಾಗುತ್ತಾರೆ. ಕ್ಲೀನ್ ಮಾಡಿದ ಮರುದಿನವೇ ಮತ್ತೆ ಹೊಸ ರಾಶಿ. ಅದರ ಎದುರಿಗೇ ಶೋಭಾಳ ಟೈಲರಿಂಗ್ ಅಂಗಡಿ. ಮದುವೆ ಬ್ಲೌಸಿನ ಅಳತೆ ಕೊಡಲು ಬಂದವರು ಮೂಗು ಮುಚ್ಚಿಕೊಂಡು ನಿಲ್ಲಬೇಕು. ಎಷ್ಟು ಜನ ನಿಂತಾರು?

"ಮೇಡಂ, ಇದು ಹಿಂಗೇ ಇದ್ರೆ ನಾನು ಅಂಗಡಿ ಖಾಲಿ ಮಾಡ್ತೀನಿ. ಬೇರೆ ಕಡೆ ಬಾಡಿಗೆ ಕೇಳಿದ್ರೆ ಎದೆ ಒಡೆಯುತ್ತೆ, ಏನ್ ಮಾಡ್ಲಿ?" ಎಂದು ಅವಳು ಕಣ್ಣಲ್ಲಿ ನೀರು ಹಾಕಿದ ದಿನ ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಕಸ ತೆಗೆಸಿ ಹೂವಿನ ಕುಂಡ ಇಡೋಣ ಎಂದೆ. ದುಡ್ಡು?

ದುಡ್ಡು ಎತ್ತುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು. ನಮ್ಮ ಜನ ಜಿಪುಣರು ಎನ್ನುವವರು ನಮ್ಮ ಜನರನ್ನು ನೋಡಿಲ್ಲ. ದೇವಸ್ಥಾನದ ಗಂಟೆಯಿಂದ ಪಾರ್ಕಿನ ಬೆಂಚಿನವರೆಗೆ ಎಲ್ಲದರ ಮೇಲೂ ದಾನಿಗಳ ಹೆಸರಿದೆ. ಹೆಸರು ಬರೆಯಲು ಜಾಗವಿಲ್ಲದ ವಸ್ತುವಿಗೆ ಮಾತ್ರ ದಾನಿಗಳಿಲ್ಲ. ಹಾಗಾಗಿ ನಾನು ದೊಡ್ಡ ದೊಡ್ಡ ಕುಂಡಗಳನ್ನೇ ಆರಿಸಿದೆ. ಒಂದೊಂದರ ಮೇಲೂ ಬಿಳಿ ಪೇಂಟಿನಲ್ಲಿ ಕೊಟ್ಟವರ ಹೆಸರು. ಒಂದೇ ವಾರದಲ್ಲಿ ಕುಂಡಗಳಿಗಿಂತ ದಾನಿಗಳೇ ಜಾಸ್ತಿಯಾದರು!

ಜಯಮ್ಮ ಆಂಟಿ ತೀರಿಹೋದ ಗಂಡನ ಹೆಸರಲ್ಲಿ ಒಂದು ಕುಂಡ ಕೊಟ್ಟರು. ಈ ಲೇಔಟ್ ಅವರ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲಿರುವವರು. ನೋಟು ಕೈಗಿಡುತ್ತಾ, "ಎಲ್ಲರ ಹತ್ರ ಕೇಳ್ತಾ ಇದೀಯ, ನೀನೆಷ್ಟು ಹಾಕ್ದೆ?" ಎಂದರು.

"ನಾನು ಓಡಾಡ್ತಾ ಇಲ್ವಾ ಆಂಟಿ? ಅದೇ ನನ್ನ ವಂತಿಗೆ."

"ಊಂ" ಎಂದರು. (ಆ 'ಊಂ' ಅನ್ನು ನೀವು ಕೇಳಬೇಕಿತ್ತು.)

ಮಣ್ಣು, ಗ್ರಿಲ್, ಗೋಡೆಗೆ ಬಣ್ಣ, ಹೀಗೆ ದೊಡ್ಡ ಖರ್ಚು ವಹಿಸಿಕೊಂಡವರು ಮೇನ್ ರೋಡಿನಲ್ಲಿ ಪೇಂಟ್ ಅಂಗಡಿ ಇಟ್ಟಿರುವ ರುದ್ರಪ್ಪನವರು. ಮೂಲ ದಾವಣಗೆರೆ ಕಡೆ. ಅವರದು ಒಂದೇ ಕರಾರು: "ದೀಪಾವಳಿ ಮುಗಿದ್ ಮ್ಯಾಲೆ ನಮ್ಮ ವ್ಯಾಪಾರಸ್ಥರ ಸಂಘದೋರ್ನ ಕರ್ಕೊಂಡು ಬರ್ತೀನ್ರೀ ಮೇಡಂ. ಹೂವು ಹಿಂಗ್ ತುಂಬಿ ತುಳುಕ್ತಿರಬೇಕು. ನೋಡಿ ಖುಷಿ ಆದ್ರೆ ಇಡೀ ಬೀದಿ ಫುಟ್‌ಪಾತು, ಬೆಂಚು, ಲೈಟು, ಎಲ್ಲಾ ಮಾಡಿಸ್ತಾರ. ಇಲ್ಲಾಂದ್ರ ನಾನೂ ಕೈ ತೊಳ್ಕೋತೀನಿ."

ಇಲ್ಲಿ ಒಂದು ತಪ್ಪಾಯಿತು. ನರ್ಸರಿಯವನು ಕ್ರೋಟನ್ ಮತ್ತು ಕಾಗದದ ಹೂವು ಹಾಕಿ ಎಂದಿದ್ದ. ದಾನಿಗಳೇ ಸೇರಿ ಮಾಡಿಕೊಂಡಿದ್ದ ನಮ್ಮ ಕಮಿಟಿ ಒಪ್ಪಲಿಲ್ಲ. 'ಲಕ್ಷಣವಾದ ಹೂವು ಬೇಕು' ಎಂದರು. ದಾಸವಾಳ, ನಂದಿಬಟ್ಟಲು, ಸೇವಂತಿಗೆ, ಚೆಂಡುಹೂವು. ಅಂದರೆ ದೇವರ ಮನೆಗೆ ಏನೇನು ಬೇಕೋ ಅದನ್ನೆಲ್ಲ ತಂದು ಬೀದಿಯಲ್ಲಿಟ್ಟೆವು. ಬೆಂಗಳೂರಿನಲ್ಲಿ, ಬೆಳಗಿನ ವಾಕಿಂಗ್ ದಾರಿಯಲ್ಲಿ! ಬೆಕ್ಕಿನ ಮುಂದೆ ಹಾಲಿಟ್ಟು ಕಾಯ್ದುಕೋ ಎಂದ ಹಾಗಾಯಿತು.

ಕಸ ಹಾಕುವುದು ನಿಂತಿತು, ನಿಜ. ಆದರೆ ಬೆಳಗ್ಗೆ ಏಳಕ್ಕೆ ಶೋಭಾ ನೀರು ಹಾಕಲು ಬಂದರೆ ಗಿಡದಲ್ಲಿ ಎಲೆ ಮಾತ್ರ. ಹಬ್ಬ ಹತ್ತಿರ ಬಂದಂತೆ ಮೊಗ್ಗೂ ಮಾಯ. "ಬೋಳು ಕುಂಡ ನೋಡಿ ಮತ್ತೆ ಯಾರೋ ನಿನ್ನೆ ಕವರ್ ಎಸೆದು ಹೋಗಿದಾರೆ ಮೇಡಂ" ಎಂದಳು. ಅದಕ್ಕೇ ಆ ಬೆಳಗಿನ ಜಾವದ ಸಾಹಸ.

"ಆಂಟಿ, ಇದು ಎಲ್ಲರ ಹೂವು. ಹೀಗೆ ಕಿತ್ತರೆ ಹೇಗೆ?" ಎಂದೆ, ಆದಷ್ಟು ಮೆತ್ತಗೆ.

"ಎಲ್ಲರ ಹೂವು ನಾನ್ಯಾಕೆ ಕೀಳ್ಲಿ? ನಮ್ಮ ಕುಂಡದ್ದು ಮಾತ್ರ ಕಿತ್ತಿರೋದು. ಮನೇಲಿ ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸ್ತೀವಲ್ಲ, ಯಾಕೆ? ನಮ್ಮದು ಅಂತ ತಾನೇ? ನೀನೇ ನಿಂತು ಇವರ ಹೆಸರು ಬರೆಸಿದೀಯ. ಇವರ ಹೂವು ಇವರ ಫೋಟೋಗೆ ಇಡ್ತೀನಿ. ತಪ್ಪೇನಮ್ಮಾ?"



ಆಮೇಲೆ ನಿಂತು ನೋಡಿದೆ. ಆಂಟಿಯ ಮಾತು ಸತ್ಯ. ಒಬ್ಬೊಬ್ಬರೇ ಬಂದರು, ತಮ್ಮ ತಮ್ಮ ಹೆಸರಿನ ಕುಂಡದ ಮುಂದೆ ಬಗ್ಗಿದರು, ಕಿತ್ತರು, ಹೋದರು. ಬೇರೆಯವರ ಕುಂಡ ಮುಟ್ಟಿದವರಿಲ್ಲ. ದುಡ್ಡು ಕೊಡದವರಂತೂ ಕಣ್ಣೆತ್ತಿಯೂ ನೋಡಲಿಲ್ಲ. ಅಷ್ಟು ಪ್ರಾಮಾಣಿಕರು ನಾವು! ಬೀದಿಯನ್ನು ಚೆಂದ ಮಾಡಿದವರೇ ದಿನವೂ ಅದನ್ನು ಬೋಳು ಮಾಡುತ್ತಿದ್ದರು.

ರುದ್ರಪ್ಪನವರು ಒಂದು ಉಪಾಯ ಹೇಳಿದರು. "ಗ್ವಾಡಿಗೆ ಸಾಲಾಗಿ ದೇವರ ಟೈಲ್ಸ್ ಹೊಡಿಸಿಬಿಡ್ರೀ, ಯಾರು ಮುಟ್ತಾರ?" ಬೇಡವೇ ಬೇಡ ಎಂದೆ. ಇವತ್ತು ಟೈಲ್ಸ್, ನಾಳೆ ಊದುಬತ್ತಿ, ನಾಡಿದ್ದು ಹುಂಡಿ. ಆಚೆ ನಾಡಿದ್ದು ಶೋಭಾಳ ಅಂಗಡಿ ಮುಂದೆ ಚಪ್ಪಲಿ ರಾಶಿ. ಅದೂ ಅಲ್ಲದೆ, ದೇವರನ್ನೇ ಪಕ್ಕದಲ್ಲಿಟ್ಟರೆ ಹೂವು ಕೀಳುವುದು ನಿಂತೀತೇ? ಇನ್ನೂ ಸಲೀಸಾಗುತ್ತದೆ, ಅಲ್ಲೇ ಕಿತ್ತು ಅಲ್ಲೇ ಏರಿಸುತ್ತಾರೆ.

ಉಪಾಯ ನನಗೆ ಹೊಳೆದದ್ದು ನಮ್ಮ ಅಡುಗೆಮನೆಯಲ್ಲಿ. ಮಾರ್ಕೆಟ್ಟಿನಿಂದ ತಂದ ಮಲ್ಲಿಗೆಯನ್ನು ಮಗಳು ಮೂಗಿಗೆ ಹಿಡಿದಳು. ನನ್ನ ಬಾಯಿಂದ ತಾನಾಗಿ ಬಂತು: "ಏಯ್, ಮೂಸಬೇಡ ಕಣೇ! ದೇವರಿಗೆ ಆಗಲ್ಲ."

ಆಹಾ! ಮೂಸಿದ ಹೂವು ದೇವರಿಗೆ ಆಗುವುದಿಲ್ಲ. ಫೋಟೋಗೂ ಆಗುವುದಿಲ್ಲ. ಇದಕ್ಕಿಂತ ದೊಡ್ಡ ಕಾನೂನು ನಮ್ಮ ಏರಿಯಾದಲ್ಲಿ ಯಾವುದಿದೆ? ಸಿಸಿಟಿವಿ ಯಾಕೆ, ದಂಡ ಯಾಕೆ?

ಮರುದಿನವೇ ಗ್ರಿಲ್ಲಿಗೆ ಒಂದು ಬೋರ್ಡು ತೂಗುಹಾಕಿದೆ. 'ಇಲ್ಲಿನ ಎಲ್ಲ ಹೂಗಳನ್ನೂ ಮೂಸಲಾಗಿದೆ.' ಸುಳ್ಳು ಹೇಳಿದೆ ಎನ್ನಬಾರದಲ್ಲ, ವಾಕಿಂಗಿನವರು ಬರುವ ಹೊತ್ತಿಗೆ ಸರಿಯಾಗಿ ನಾನೂ ಶೋಭಾಳೂ ಕುಂಡದಿಂದ ಕುಂಡಕ್ಕೆ ಬಗ್ಗಿ, ಎಲ್ಲರಿಗೂ ಕಾಣುವ ಹಾಗೆ, ಮೂಸಿದೆವು. ಚೆಂಡುಹೂವಿನ ಘಾಟಿಗೆ ನನಗೆ ಸೀನು. (ದಾಸವಾಳಕ್ಕೆ ವಾಸನೆಯೇ ಇಲ್ಲ, ಆದರೂ ಬಿಡಲಿಲ್ಲ.) ಮಂಕಿ ಕ್ಯಾಪಿನ ಅಂಕಲ್ ಒಬ್ಬರು ನಿಂತು ನೋಡಿ, "ಹುಷಾರಾಗಿದೀರಾ ಮೇಡಂ?" ಎಂದು ವಿಚಾರಿಸಿಕೊಂಡು ಹೋದರು.

ಜಯಮ್ಮ ಆಂಟಿ ಕವರ್ ಹಿಡಿದು ಬಂದರು. ಬೋರ್ಡು ಓದಿದರು. ನನ್ನ ಮೂಗು ಅವರ ಕುಂಡದ ದಾಸವಾಳದೊಳಗಿತ್ತು.

"ಅಯ್ಯೋ ನಿನ್ ಮನೆ ಕಾಯೋಗ! ಎಲ್ಲಾ ಎಂಜಲು ಮಾಡಿಟ್ಯಲ್ಲೇ!"

"ಹೂಂ ಆಂಟಿ. ದಿನಾ ಮಾಡ್ತೀನಿ."

ಮೂತಿ ತಿರುವಿಕೊಂಡು ಹೋದರು. ನನ್ನ ಜೊತೆ ಮಾತು ಬಿಟ್ಟರು. ಸಂಕಟವಾಯಿತು, ಸುಳ್ಳೇಕೆ ಹೇಳಲಿ? ಗಂಡನ ಫೋಟೋಗೆಂದು ಕೀಳುತ್ತಿದ್ದ ಹೂವು ಅದು. ಆದರೂ ಬೋರ್ಡು ತೆಗೆಯಲಿಲ್ಲ.

ಹೂವು ಕೀಳುವುದು ನಿಂತಿತು. ಮೊಗ್ಗು ಅರಳಿತು, ಅರಳಿದ್ದು ಗಿಡದಲ್ಲೇ ಉಳಿಯಿತು. ದೀಪಾವಳಿ ಕಳೆದು ರುದ್ರಪ್ಪನವರು ಸಂಘದವರನ್ನು ಕರೆತಂದಾಗ ಮೂಲೆ ತುಂಬಿ ತುಳುಕುತ್ತಿತ್ತು. ಬಂದವರು ಒಂದೊಂದೇ ಕುಂಡದ ಹೆಸರನ್ನು ಗಟ್ಟಿಯಾಗಿ ಓದಿದರು. ನಮ್ಮವರಿಗೆ ಹೆಸರು ಕಂಡರೆ ಓದದೆ ಇರಲಾಗುವುದಿಲ್ಲ. ಆಂಟಿಯ ಯಜಮಾನರ ಹೆಸರು ಬಂದಾಗ ಒಬ್ಬರು, "ಈ ಕುಂಡ ಭಾಳ ಚಲೋ ಬಂದೈತಿ ನೋಡ್ರಿ" ಎಂದರು.

ಜಯಮ್ಮ ಆಂಟಿ ಜನರ ಹಿಂದೆ ನಿಂತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ಮನೇಲಿ ಅವರ ಫೋಟೋ ನೋಡೋಳು ನಾನೊಬ್ಬಳೇ. ಇಲ್ಲಿ ಎಷ್ಟು ಜನ ಅವರ ಹೆಸರು ಹೇಳಿದ್ರು ನೋಡೇ" ಎಂದರು. ನನ್ನ ಕಣ್ಣೂ ಒದ್ದೆಯಾಯಿತು.

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಜೇಬಿಗೆ ಸಿಕ್ಕಿಸಿಕೊಳ್ಳಲೆಂದು ಒಂದು ಸೇವಂತಿಗೆಗೆ ಕೈ ಹಾಕಿದರು. "ಏಯ್, ಮುಟ್ಟಬೇಡಿ ಸಾರ್! ಅದು ಬೀದಿ ಹೂವು!" ಆಂಟಿಯ ದನಿಗೆ ಅಧ್ಯಕ್ಷರ ಕೈ ಅಲ್ಲೇ ನಿಂತಿತು.

ಫುಟ್‌ಪಾತಿಗೂ ಬೆಂಚಿಗೂ ಒಪ್ಪಿಗೆ ಸಿಕ್ಕಿತು. ಶೋಭಾ ಅಂಗಡಿಗೆ ಹೊಸ ಬೋರ್ಡು ಬರೆಸುತ್ತಿದ್ದಾಳೆ. ಊರು ಚೆಂದ ಮಾಡಲು ದುಡ್ಡು ಸಿಗುತ್ತದೆ ಸ್ವಾಮಿ, ಅದು ಕಷ್ಟವೇ ಅಲ್ಲ. 'ನಾನು ದುಡ್ಡು ಕೊಟ್ಟದ್ದು ಇನ್ನು ನನ್ನದಲ್ಲ' ಎಂದು ಕೊಟ್ಟವರನ್ನು ಒಪ್ಪಿಸುವುದಿದೆಯಲ್ಲ, ಕಷ್ಟ ಅದು. ನಾವು ಒಪ್ಪಿಸಿದೆವು.

ಎದೆಯುಬ್ಬಿಸಿಕೊಂಡು ಮಲಗಿದೆ. ಬೆಳಗ್ಗೆ ಕಾಂಪೌಂಡಿನ ಕಡೆಯಿಂದ ಸರಸರ ಸದ್ದು. ಹೊರಗೆ ಬಂದು ನೋಡಿದರೆ ನಮ್ಮ ದಾಸವಾಳದ ಕೊಂಬೆ ರಸ್ತೆಯ ಕಡೆಗೆ ಬಾಗಿದೆ. ಅದರ ತುದಿಯಲ್ಲಿ ಕೊಕ್ಕೆ ಕೋಲು, ಕೋಲಿನ ತುದಿಯಲ್ಲಿ ಜಯಮ್ಮ ಆಂಟಿ.

"ಇದನ್ನ ಮೂಸಿಲ್ಲ ತಾನೇ?"

"ಇಲ್ಲ ಆಂಟಿ."

ಒಂದೂ ಬಿಡದೆ ಕಿತ್ತು ಕವರಿಗೆ ತುಂಬಿಕೊಂಡು, ಕೊಂಬೆಯನ್ನು ಬಿಟ್ಟು, ನಕ್ಕು ಹೇಳಿದರು: "ಎಲ್ಲರ ವಂತಿಗೆನೂ ಬಂದಿತ್ತು. ನಿಂದೊಂದು ಬಾಕಿ ಇತ್ತು ನೋಡು, ಇವತ್ತಿಂದ ಶುರುವಾಯ್ತು."